ಮಿತವ್ಯಯವೂ ಕುಟುಂಬದ ಆರೋಗ್ಯವೂ

(ದಂಪತಿಗಳ ಆರೋಗ್ಯ ಶಿಬಿರದಲ್ಲಿ ವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣದ ಲಿಖಿತ ರೂಪ)

ಅಣ್ಣಂದಿರೇ, ಅಕ್ಕಂದಿರೇ, ಹೊಸದಾಗಿ ಮದುವೆಯಾಗಿ ಸಂಕೋಚದಿಂದಲೇ ಬಂದು ಹಿಂದಿನ ಸಾಲಿನಲ್ಲಿ ಕುಳಿತಿರುವ ತಮ್ಮಂದಿರೇ, ತಂಗಿಯರೇ,

ಆಸ್ಪತ್ರೆಯ ಡಾಕ್ಟರಮ್ಮ ಮಾತನಾಡಲು ನಿಂತರೆ ಚುಚ್ಚುಮದ್ದು, ಮಾತ್ರೆ, ಆಪರೇಷನ್ನು ಇವುಗಳ ವಿಷಯವನ್ನೇ ಹೇಳುತ್ತಾಳೆಂದು ನೀವು ಎಣಿಸಿ ಬಂದಿರಬಹುದು. ಇಂದು ನಾನು ಹರಿದ ಸೀರೆ, ಸೂಜಿ ದಾರ, ರಾಗಿಯ ಕಣಜ, ತೊಗರಿಯ ಗುಡಾಣ ಇವುಗಳನ್ನು ಕುರಿತು ಮಾತನಾಡಬೇಕೆಂದಿದ್ದೇನೆ. ಇದು ವೈದ್ಯರಿಗೆ ಸಂಬಂಧಿಸಿದ ವಿಷಯವೇ ಎಂಬ ಸಂದೇಹ ಬೇಡ. ಯಾವ ಮನೆಯಲ್ಲಿ ಮಳೆಗಾಲದ ಹೊತ್ತಿಗೆ ಕಾಳು ಮುಗಿಯುವುದೋ, ಆ ಮನೆಯ ಮಗುವಿನ ತೂಕ ಶ್ರಾವಣದಲ್ಲಿ ಇಳಿಯುವುದನ್ನು ನಾವು ಅಂಗನವಾಡಿಯ ತಕ್ಕಡಿಯಲ್ಲಿ ಕಾಣುತ್ತೇವೆ. ಯಾವ ಮನೆಯಲ್ಲಿ ಸೊಳ್ಳೆಪರದೆಯ ತೂತನ್ನು ಹೊಲಿಯಲು ಯಾರಿಗೂ ಬಿಡುವಿಲ್ಲವೋ, ಆ ಮನೆಯವರು ಚಳಿಜ್ವರವೆಂದು ನಮ್ಮ ಬಾಗಿಲಿಗೆ ಬರುತ್ತಾರೆ. ಸಂಸಾರದ ಲೆಕ್ಕಪುಸ್ತಕವೂ ಆಸ್ಪತ್ರೆಯ ರೋಗಿಗಳ ಪುಸ್ತಕವೂ ಒಂದಕ್ಕೊಂದು ಬಲು ಹತ್ತಿರದ ನೆಂಟರು.

ಆದರೆ ಮಿತವ್ಯಯವೆಂದು ನಾವು ಕರೆಯುವುದರಲ್ಲಿ ಎರಡು ಬಗೆಗಳುಂಟು. ಒಂದು ಮನೆಯನ್ನು ಉಳಿಸುತ್ತದೆ; ಇನ್ನೊಂದು ನಾಲ್ಕು ಕಾಸನ್ನು ಉಳಿಸಿ ಮನುಷ್ಯರನ್ನು ಕಳೆಯುತ್ತದೆ. ಎರಡನ್ನೂ ನಾನು ಕಣ್ಣಾರೆ ಕಂಡಿದ್ದೇನೆ. ಎರಡನೆಯದರ ವಿಷಯದಲ್ಲಿ ನನ್ನದೇ ಒಂದು ತಪ್ಪೂ ಇದೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಸೂಜಿಯಿಂದ ಆರಂಭಿಸೋಣ. ತುಮಕೂರು ಜಿಲ್ಲೆಯ ನನ್ನ ತವರಿನಲ್ಲಿ ನನ್ನ ತಾಯಿಯ ಬಳಿ ಹಳೆಯ ಬಿಸ್ಕತ್ತಿನ ಡಬ್ಬಿಯೊಂದಿತ್ತು. ಅದರಲ್ಲಿ ಸೂಜಿ, ನಾಲ್ಕು ಬಣ್ಣದ ದಾರದ ಉಂಡೆ, ಹಳೆಯ ಅಂಗಿಗಳಿಂದ ಬಿಚ್ಚಿದ ಗುಂಡಿಗಳು, ಅಂಗೈಯಗಲದ ಬಟ್ಟೆಯ ತುಂಡುಗಳು ಇರುತ್ತಿದ್ದವು. ಸಂತೆಯ ಮಾರನೆಯ ದಿನ ಮಧ್ಯಾಹ್ನ ಆಕೆ ಜಗಲಿಯ ಮೇಲೆ ಕುಳಿತು, ವಾರದಲ್ಲಿ ಹರಿದುದೆಲ್ಲವನ್ನೂ ಮುಂದೆ ಹರಡಿಕೊಳ್ಳುತ್ತಿದ್ದಳು. ಒಗೆಯುವುದಕ್ಕೆ ಮೊದಲೇ ಹೊಲಿಯಬೇಕು, ಒಗೆದ ಮೇಲೆ ಹೊಲಿಯುವೆನೆಂದರೆ ಕಲ್ಲಿನ ಮೇಲಿನ ಒಂದೇ ಪೆಟ್ಟಿಗೆ ಬೆರಳು ಹೋಗುವ ತೂತು ಕೈ ಹೋಗುವಷ್ಟಾಗುತ್ತದೆ ಎಂದು ಆಕೆ ಹೇಳುತ್ತಿದ್ದುದು ನನಗೆ ಇಂದಿಗೂ ನೆನಪಿದೆ. ಮಕ್ಕಳ ಲಂಗಕ್ಕೂ ಶಾಲೆಯ ಚಡ್ಡಿಗೂ ಕೆಳಗಡೆ ಮೂರು ಬೆರಳು ಬಟ್ಟೆಯನ್ನು ಒಳಕ್ಕೆ ಮಡಿಸಿ ಹೊಲಿಸುತ್ತಿದ್ದಳು. ಮಗು ಬೆಳೆದಂತೆ ಮಡಿಕೆಯನ್ನು ಬಿಚ್ಚಿದರೆ ಅದೇ ಬಟ್ಟೆ ಇನ್ನೊಂದು ವರ್ಷಕ್ಕೆ ಬರುತ್ತಿತ್ತು. ಮೊಣಕಾಲಿನ ಬಳಿ ಸವೆದಲ್ಲಿ ತೇಪೆಯನ್ನು ಒಳಗಿನಿಂದ ಇಟ್ಟು, ಅಂಚನ್ನು ಮಡಿಸಿ, ಸಣ್ಣ ಹೊಲಿಗೆ ಹಾಕಿದರೆ ಅದು ಕಣ್ಣಿಗೆ ಬೀಳುವುದೂ ಇಲ್ಲ, ಚರ್ಮಕ್ಕೆ ಉಜ್ಜುವುದೂ ಇಲ್ಲ.

ಇಲ್ಲಿ ಗಂಡಸರಿಗೆ ಒಂದು ಮಾತು. ಪೇಟೆಯಲ್ಲಿ ಹೊಲಿಗೆಯ ಯಂತ್ರದ ಮುಂದೆ ಕುಳಿತಿರುವ ದರ್ಜಿಗಳಲ್ಲಿ ಹೆಚ್ಚಿನವರು ಗಂಡಸರೇ. ಅಲ್ಲಿಲ್ಲದ ನಾಚಿಕೆ ಮನೆಯ ಜಗಲಿಯ ಮೇಲೆ ಏಕೆ ಬರಬೇಕು? ತನ್ನ ಅಂಗಿಯ ಗುಂಡಿಯನ್ನು ತಾನೇ ಹಾಕಿಕೊಳ್ಳಬಲ್ಲ ಗಂಡನು ಹೆಂಡತಿಗೆ ದಿನದಲ್ಲಿ ಸ್ವಲ್ಪ ವಿಶ್ರಾಂತಿಯನ್ನು ಗಳಿಸಿಕೊಟ್ಟಂತಾಗುತ್ತದೆ. ಗರ್ಭಿಣಿಗೆ ಮಧ್ಯಾಹ್ನ ಎರಡು ಗಂಟೆಯ ವಿಶ್ರಾಂತಿ ಬೇಕೆಂದು ನಾವು ಹೇಳುವುದು ಹೀಗೆಯೇ ಸಾಧ್ಯವಾಗಬೇಕಲ್ಲದೆ ಬೇರೆ ಹೇಗೆ?

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ರಾಯಚೂರು ಜಿಲ್ಲೆಯಲ್ಲಿದ್ದೆ. ಅಲ್ಲಿಯ ತಾಯಂದಿರು ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಹರವಿ ಹೊಲಿಯುವ ಕೌದಿಯನ್ನು ಕಂಡು ಬೆರಗಾದೆ. ಅಂಗಡಿಯ ಹೊದಿಕೆಗೆ ಇಲ್ಲದ ಬೆಚ್ಚನೆಯ ಗುಣ ಅದಕ್ಕಿದೆ. ಆದರೆ ಕೌದಿಗೆ ಒಂದು ದೋಷವುಂಟು. ಭಾರವಾದುದರಿಂದ ಅದನ್ನು ಒಗೆಯುವುದು ವರ್ಷಕ್ಕೆ ಒಂದೋ ಎರಡೋ ಬಾರಿ ಮಾತ್ರ. ಮನೆಯಲ್ಲಿ ಒಬ್ಬರಿಗೆ ಕಜ್ಜಿಯಾದರೆ ಒಂದೇ ಕೌದಿಯಲ್ಲಿ ಮಲಗುವ ಎಲ್ಲರಿಗೂ ಅದು ಅಂಟುತ್ತದೆ. ಕಜ್ಜಿಯನ್ನು ಉಂಟುಮಾಡುವುದು ಚರ್ಮವನ್ನು ಕೊರೆದು ಬದುಕುವ ಸಣ್ಣ ಹುಳು. ಮನುಷ್ಯನ ಮೈಯನ್ನು ಬಿಟ್ಟರೆ ಅದು ಸಾಮಾನ್ಯವಾಗಿ ಎರಡು ಮೂರು ದಿನಗಳಿಗಿಂತ ಹೆಚ್ಚು ಬದುಕಲಾರದು. ಆದುದರಿಂದ ಕಜ್ಜಿಗೆ ಔಷಧ ಕೊಟ್ಟಾಗ ಮನೆಯವರೆಲ್ಲರೂ, ತುರಿಕೆ ಇಲ್ಲದವರೂ ಕೂಡ, ಒಂದೇ ರಾತ್ರಿ ಹಚ್ಚಿಕೊಳ್ಳಬೇಕು. ಉಡುವ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಒಗೆಯಲಾಗದ ಕೌದಿಯನ್ನು ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಬೇರೆ ಇಟ್ಟು, ಅನಂತರ ಬಿಸಿಲಿಗೆ ಹರವಿದರೆ ಸಾಕು. ಇದಕ್ಕೆ ಖರ್ಚೇನೂ ಇಲ್ಲ.

ಕೌದಿ ಹೊಲಿಯುವವರು ಇನ್ನೊಂದು ಎಚ್ಚರಿಕೆಯನ್ನೂ ವಹಿಸತಕ್ಕದ್ದು. ನಾಲ್ಕು ವರ್ಷದ ಹುಡುಗನೊಬ್ಬನನ್ನು ಕಾಲು ಊರಲಾಗದೆಂದು ಹೊತ್ತುಕೊಂಡು ಬಂದರು. ಮುಳ್ಳಿರಬೇಕೆಂದು ಮನೆಯಲ್ಲಿ ಎರಡು ದಿನ ಕೆದಕಿದ್ದರು. ಒಳಗಿದ್ದುದು ಅರ್ಧ ಸೂಜಿ. ಅಜ್ಜಿಯ ಕೌದಿಯಲ್ಲಿ ಮುರಿದು ಕಳೆದುಹೋದುದು. ಅದನ್ನು ತೆಗೆಯಲು ಮಗುವನ್ನು ಜಿಲ್ಲಾ ಆಸ್ಪತ್ರೆಗೆ ಕಳುಹಿಸಬೇಕಾಯಿತು. ಕುಳಿತಾಗ ಎಷ್ಟು ಸೂಜಿಗಳಿದ್ದವೋ ಏಳುವಾಗಲೂ ಅಷ್ಟೇ ಇರಬೇಕು. ಮುರಿದರೆ ಎರಡೂ ತುಂಡುಗಳು ಸಿಕ್ಕುವವರೆಗೆ ಮಗುವನ್ನು ಆ ಜಾಗಕ್ಕೆ ಬಿಡಕೂಡದು. ತುಕ್ಕು ಹಿಡಿದ ಸೂಜಿ ಆಳವಾಗಿ ಚುಚ್ಚಿದರೆ ಸುಣ್ಣ, ಅರಿಸಿನ ಮೆತ್ತಿ ಸುಮ್ಮನಾಗದೆ ಧನುರ್ವಾಯುವಿನ ಚುಚ್ಚುಮದ್ದಿಗಾಗಿ ಬರಬೇಕು.

ಸೂಜಿ ಕೈಯಲ್ಲಿರುವಾಗಲೇ ಸೊಳ್ಳೆಪರದೆಯನ್ನೂ ಬೆಳಕಿಗೆ ಹಿಡಿದು ನೋಡಿರಿ. ಒಂದೇ ತೂತಿದ್ದರೂ ಪರದೆ ಇದ್ದೂ ಇಲ್ಲದಂತೆ. ಸರ್ಕಾರದಿಂದ ಹಂಚುವ ಔಷಧಯುಕ್ತ ಪರದೆಯನ್ನು ಮಾತ್ರ ಬಿಸಿಲಿನಲ್ಲಿ ಒಣಗಿಸಕೂಡದು, ನೆರಳಿನಲ್ಲಿ ಒಣಗಿಸಬೇಕು.

ಹಳೆಯ ಹತ್ತಿಯ ಸೀರೆಗಿಂತ ಮೇಲಾದ ವಸ್ತು ಬಾಣಂತಿಯ ಕೋಣೆಯಲ್ಲಿ ಇಲ್ಲವೆಂದು ನಾನು ಧೈರ್ಯವಾಗಿ ಹೇಳುತ್ತೇನೆ. ಸವೆದು ಮೆತ್ತಗಾದ ಆ ಬಟ್ಟೆ ಹೊಸ ನೈಲಾನ್ ಅಂಗಿಗಿಂತ ಕೂಸಿಗೆ ಹಿತ. ಆದರೆ ಹಳೆಯದು ಬೇರೆ, ಕೊಳೆಯದು ಬೇರೆ. ಹೆರಿಗೆಗೆ ಮೊದಲೇ ಏಳೆಂಟು ತುಂಡುಗಳನ್ನು ಸಾಬೂನಿನಿಂದ ಒಗೆದು, ಕಾದ ಬಿಸಿಲಿನಲ್ಲಿ ಒಣಗಿಸಿ, ಒಂದು ಸ್ವಚ್ಛವಾದ ಚೀಲದಲ್ಲಿ ತಾಯಿ ಕಾರ್ಡಿನ ಜೊತೆಗೇ ಕಟ್ಟಿಡಿರಿ. ಮುಟ್ಟಿನ ಬಟ್ಟೆಯ ವಿಷಯವನ್ನೂ ಸಂಕೋಚವಿಲ್ಲದೆ ಹೇಳಬೇಕಾಗಿದೆ. ಹಳೆಯ ಬಟ್ಟೆಯನ್ನು ಬಳಸುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಅದನ್ನು ಯಾರೂ ಕಾಣದಿರಲೆಂದು ದನದ ಕೊಟ್ಟಿಗೆಯ ಮೂಲೆಯಲ್ಲಿಯೋ ಹಾಸಿಗೆಯ ಕೆಳಗೋ ಅರೆಹಸಿಯಾಗಿ ಅಡಗಿಸಿಡುವುದರಿಂದ ಸೋಂಕು ತಗಲುವ ಭಯವಿದೆ. ಚೆನ್ನಾಗಿ ಒಗೆದು, ಬೇಕಾದರೆ ಅದರ ಮೇಲೆ ತೆಳುವಾದ ಇನ್ನೊಂದು ಬಟ್ಟೆ ಹೊದಿಸಿ, ಬಿಸಿಲಿನಲ್ಲಿಯೇ ಒಣಗಿಸಬೇಕು. ಮನೆಯ ಗಂಡಸರು ಅದನ್ನು ಕಂಡೂ ಕಾಣದಂತಿರುವುದನ್ನು ಕಲಿಯಲಿ.

ಒಂದು ತುಂಡು ಬಟ್ಟೆ ಒಂದು ರೋಗವನ್ನೇ ಓಡಿಸಿದ ಕಥೆ ನಿಮಗೆ ಗೊತ್ತೇ? ಹಿಂದೆ ನಮ್ಮ ರಾಜ್ಯವೂ ಸೇರಿದಂತೆ ದೇಶದ ಹಲವು ರಾಜ್ಯಗಳಲ್ಲಿ ನಾರುಹುಣ್ಣು ಎಂಬ ಕಾಯಿಲೆಯಿತ್ತು. ಹಿರಿಯರನ್ನು ಕೇಳಿರಿ, ಬಲ್ಲರು. ಮೆಟ್ಟಿಲು ಬಾವಿಯ ನೀರಿನಲ್ಲಿರುವ ಸೂಕ್ಷ್ಮ ಜೀವಿಯ ಮೂಲಕ ಹುಳುವಿನ ಮರಿ ಹೊಟ್ಟೆಯನ್ನು ಸೇರಿ, ಸುಮಾರು ಒಂದು ವರ್ಷದ ಮೇಲೆ ಎರಡು ಮೂರು ಅಡಿ ಉದ್ದದ ದಾರದಂತಹ ಹುಳುವಾಗಿ ಕಾಲಿನಿಂದ ಹೊರಬರುತ್ತಿತ್ತು. ಅದಕ್ಕೆ ಮದ್ದೂ ಇರಲಿಲ್ಲ, ಲಸಿಕೆಯೂ ಇರಲಿಲ್ಲ. ನೀರನ್ನು ಒತ್ತಾದ ನೇಯ್ಗೆಯ ಬಟ್ಟೆಯಲ್ಲಿ ಸೋಸಿ ಕುಡಿಯುವುದು, ಹುಣ್ಣಿದ್ದವರು ಬಾವಿಗೆ ಇಳಿಯದಿರುವುದು, ಮೆಟ್ಟಿಲು ಬಾವಿಗಳನ್ನು ಮಾರ್ಪಡಿಸಿ ಕೊಳವೆಬಾವಿ ತೋಡಿಸುವುದು, ಇಂತಹ ಉಪಾಯಗಳಿಂದಲೇ 1996ರ ಹೊತ್ತಿಗೆ ಅದು ಭಾರತದಲ್ಲಿ ಕೊನೆಗೊಂಡಿತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ನಮ್ಮ ದೇಶವನ್ನು ನಾರುಹುಣ್ಣಿನಿಂದ ಮುಕ್ತವೆಂದು ಸಾರಿತು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ನಡೆದು 2003ರಲ್ಲಿ ಪ್ರಕಟವಾದ ಸಂಶೋಧನೆ ಇನ್ನೂ ಸ್ವಾರಸ್ಯವಾದುದು. ಹಳೆಯ ಸೀರೆಯನ್ನು ನಾಲ್ಕು ಸಲ ಮಡಿಸಿ ಅದರಲ್ಲಿ ನೀರು ಸೋಸಿ ಕುಡಿದ ಕುಟುಂಬಗಳಲ್ಲಿ ಕಾಲರಾ ಸುಮಾರು ಅರ್ಧಕ್ಕೆ ಇಳಿಯಿತು. ಅದಕ್ಕೆ ಹೊಸ ಸೀರೆಗಿಂತ ಹಳೆಯ ಸೀರೆಯೇ ಮೇಲಂತೆ. ಒಗೆದು ಒಗೆದು ಎಳೆಗಳು ಹಿಂಜಿ, ನಡುವಣ ಸಂದುಗಳು ಕಿರಿದಾಗಿರುತ್ತವೆ. ಸೋಸಿದ ಮಾತ್ರಕ್ಕೆ ಕಾಯಿಸುವುದನ್ನೂ ಕ್ಲೋರಿನ್ ಮಾತ್ರೆ ಹಾಕುವುದನ್ನೂ ಬಿಡಬೇಡಿರಿ. ಅಂತೂ ಅಂಗಡಿಯಲ್ಲಿ ಸ್ಟೀಲಿನ ಪಾತ್ರೆಗೆ ಹಾಕಿಬಿಡುವ ಮೊದಲು ಒಂದು ಸೀರೆಯನ್ನಾದರೂ ನೀರಿಗಾಗಿ ಎತ್ತಿಡಿರಿ. ಅದೇ ಸೀರೆಯ ಇನ್ನೊಂದು ತುಂಡನ್ನು ನೀರಿನ ಡ್ರಮ್ಮಿನ ಬಾಯಿಗೆ ಬಿಗಿಯಾಗಿ ಕಟ್ಟಿರಿ. ಡೆಂಗಿಯ ಸೊಳ್ಳೆ ಮೊಟ್ಟೆಯಿಡುವುದು ಇಂತಹ ಕೂಡಿಟ್ಟ ನೀರಿನಲ್ಲಿಯೇ. ಮೊಟ್ಟೆಯೊಡೆದು ಸೊಳ್ಳೆಯಾಗಲು ವಾರದಿಂದ ಹತ್ತು ದಿನ ಬೇಕಾಗುವುದರಿಂದ, ವಾರಕ್ಕೊಮ್ಮೆ ಡ್ರಮ್ಮನ್ನು ಬರಿದು ಮಾಡಿ ತಿಕ್ಕಿ ತೊಳೆಯಬೇಕು.

ಇನ್ನು ಕಣಜದ ವಿಷಯ. ಸುಗ್ಗಿಯಾದೊಡನೆ ನಮ್ಮ ಅಣ್ಣಂದಿರು ಮಾಡುವ ಲೆಕ್ಕವನ್ನು ನಾನು ಬಲ್ಲೆ. ಸಾಲ, ಬಡ್ಡಿ, ಗೊಬ್ಬರದ ಅಂಗಡಿಯ ಬಾಕಿ, ಮಗಳ ಮದುವೆ. ಎಲ್ಲಕ್ಕೂ ಕೈ ಹಾಕುವುದು ಅದೇ ರಾಶಿಗೆ. ತೊಗರಿಯನ್ನು ಕಣದಿಂದಲೇ ಗಾಡಿಗೆ ತುಂಬಿ ಮಾರಿ, ಆಷಾಢದಲ್ಲಿ ಅದೇ ತೊಗರಿಯ ಬೇಳೆಯನ್ನು ಅಂಗಡಿಯಿಂದ ಕಾಲು ಕಿಲೋ ಕಾಲು ಕಿಲೋ ಕೊಳ್ಳುವ ಮನೆಗಳೆಷ್ಟಿಲ್ಲ! ಗಂಡ, ಹೆಂಡತಿ, ವಯಸ್ಸಾದ ತಾಯಿ, ಇಬ್ಬರು ಮಕ್ಕಳು ಇರುವ ಮನೆಯನ್ನು ತೆಗೆದುಕೊಳ್ಳೋಣ. ದಿನಕ್ಕೆ ಎಲ್ಲರಿಗೂ ಸೇರಿ ಒಂದೂ ಮುಕ್ಕಾಲು ಕಿಲೋ ಧಾನ್ಯ, ಕಾಲು ಕಿಲೋ ಬೇಳೆಕಾಳು ಬೇಕು. ವರ್ಷಕ್ಕೆ ಧಾನ್ಯ ಆರು ಕ್ವಿಂಟಾಲಿಗೂ ತುಸು ಮೇಲಾಯಿತು. ಇದರಲ್ಲಿ ಪಡಿತರದ ಅಕ್ಕಿಯನ್ನು ಕಳೆಯಿರಿ. ಬೇಳೆ 90 ಕಿಲೋ ಆಯಿತು. ಅದಕ್ಕೆ ಒಂದೂಕಾಲು ಕ್ವಿಂಟಾಲಿನಷ್ಟು ಇಡೀ ತೊಗರಿಯನ್ನು ಎತ್ತಿಡಬೇಕು. ಎಲ್ಲವೂ ತೊಗರಿಯೇ ಆಗಬೇಕೆಂದಿಲ್ಲ. ಹುರುಳಿ, ಅವರೆ, ಅಲಸಂದೆ, ಹೆಸರು ಸೇರಿದರೆ ಇನ್ನೂ ಒಳ್ಳೆಯದು. ಮಾರುವ ಚೀಲಕ್ಕೆ ಬಾಯಿ ಹೊಲಿಯುವ ಮೊದಲು ಮನೆಯ ಚೀಲ ತುಂಬಲಿ. ಈ ಲೆಕ್ಕವನ್ನು ಗಂಡ ಹೆಂಡತಿ ಇಬ್ಬರೂ ಕುಳಿತು ಮಾಡಬೇಕು. ಅಡುಗೆ ಮಾಡುವವಳಿಗೆ ಗೊತ್ತಿರುವ ಅಳತೆ ಗಾಡಿ ಹೂಡುವವನಿಗೆ ಗೊತ್ತಿರುವುದಿಲ್ಲ.

ಕೂಡಿಡುವುದರಲ್ಲಿ ಗುಟ್ಟು ಒಂದೇ; ಅದು ಒಣಗುವುದು. ಕಾಳನ್ನು ಹಲ್ಲಿನಲ್ಲಿ ಕಡಿದರೆ ಕಟಕ್ಕೆಂದು ಒಡೆಯಬೇಕು. ಮೆತ್ತಗೆ ಒತ್ತಿಕೊಂಡರೆ ಇನ್ನೆರಡು ದಿನ ಬಿಸಿಲು ಬೇಕು. ಬಿಸಿಲಿನಿಂದ ತೆಗೆದ ಕಾಳನ್ನು ಆರಲು ಬಿಟ್ಟು ಅನಂತರ ತುಂಬಬೇಕು. ಗುಡಾಣವನ್ನಾಗಲಿ ಚೀಲವನ್ನಾಗಲಿ ಹಲಗೆಯ ಮೇಲೆ, ಗೋಡೆಯಿಂದ ಒಂದು ಅಡಿ ದೂರದಲ್ಲಿ ಇಡಬೇಕು. ಇಲಿ ತಿಂದುದು ಒಂದು ನಷ್ಟ. ಅದರ ಮೂತ್ರದಿಂದ ಬರುವ ಇಲಿಜ್ವರ ಇನ್ನೊಂದು. ಬೇಳೆಕಾಳಿಗೆ ಹುಳು ಬೀಳದಂತೆ ಕಿಲೋಗೆ ಒಂದು ಚಹಾ ಚಮಚದ ಅಳತೆಯಲ್ಲಿ ಹರಳೆಣ್ಣೆಯನ್ನೋ ಅಡುಗೆಯ ಎಣ್ಣೆಯನ್ನೋ ಸವರಿ ಇಡಬಹುದು. ಕೆಮ್ಮಣ್ಣು ಹಚ್ಚಿ ಒಣಗಿಸುವ, ನೆರಳಿನಲ್ಲಿ ಒಣಗಿಸಿದ ಬೇವಿನ ಎಲೆ ಹಾಕುವ ಅಜ್ಜಿಯರ ಪದ್ಧತಿಯೂ ಒಳ್ಳೆಯದೇ. ತೊಗರಿಯನ್ನು ಬೇಳೆಯಾಗಿ ಒಡೆದಿಟ್ಟರೆ ಹುಳುವಿನ ಕಾಟ ಕಡಿಮೆ. ರಾಗಿಯಂತೂ ದೇವರು ಬಡವನಿಗಾಗಿಯೇ ಮಾಡಿದ ಧಾನ್ಯ; ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ಇರುತ್ತದೆ.

ಹಗೇವಿನ ಮಾತು ಬಂದುದರಿಂದ ಒಂದು ಎಚ್ಚರಿಕೆ. ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡಿ ಒಳಗಿನ ಪ್ರಾಣವಾಯುವನ್ನು ಮುಗಿಸಿರುತ್ತದೆ. ಅದನ್ನು ತೆರೆದ ಕೂಡಲೇ ಇಳಿದವನು ಕೂಗಲೂ ಆಗದೆ ಕುಸಿಯುತ್ತಾನೆ. ಅವನನ್ನು ಎತ್ತಲು ಇಳಿದವನೂ ಹಾಗೆಯೇ. ಹಿರಿಯರು ಬಾಯಿ ತೆರೆದು ಬಹಳ ಹೊತ್ತು ಗಾಳಿಯಾಡಲು ಬಿಟ್ಟು, ಹಗ್ಗದಲ್ಲಿ ದೀಪ ಇಳಿಸಿ, ದೀಪ ಆರಿದರೆ ಯಾರೂ ಇಳಿಯಬಾರದೆಂದು ಹೇಳುತ್ತಿದ್ದುದು ಮೂಢನಂಬಿಕೆಯಲ್ಲ, ವಿಜ್ಞಾನ. ದೀಪ ಉರಿದರೂ ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ಗಟ್ಟಿಗರು ನಿಂತ ಮೇಲೆಯೇ ಇಳಿಯಬೇಕು.

ಬೂಷ್ಟು ಹಿಡಿದ ಕಡಲೆಕಾಯಿ, ಮೆಕ್ಕೆಜೋಳಗಳನ್ನು ತಿನ್ನಕೂಡದು. ಉಜ್ಜಿ, ಹುರಿದು ತಿಂದರೆ ಏನೂ ಆಗದೆಂಬುದು ತಪ್ಪು ತಿಳಿವಳಿಕೆ. ಆ ಬೂಷ್ಟಿನ ವಿಷವು ಹುರಿದರೂ ಪೂರ್ತಿ ಹೋಗದು. ಅದು ಯಕೃತ್ತನ್ನು ಕೆಡಿಸುತ್ತದೆ. 1974ರಲ್ಲಿ ರಾಜಸ್ಥಾನ, ಗುಜರಾತುಗಳ ಹಳ್ಳಿಗಳಲ್ಲಿ ಅಕಾಲದ ಮಳೆಗೆ ನೆನೆದು ಬೂಷ್ಟು ಬಂದ ಮೆಕ್ಕೆಜೋಳವನ್ನು ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಅವರೂ ಧಾನ್ಯವನ್ನು ಹಾಳು ಮಾಡಬಾರದೆಂದೇ ತಿಂದವರು. ಇಂತಹುದನ್ನು ಹಸುವಿಗೂ ಹಾಕಬೇಡಿರಿ. ವಿಷ ಹಾಲಿಗೆ ಬರುತ್ತದೆ.

ಅಂಗಡಿಯಲ್ಲಿ ಗುಟ್ಟಾಗಿ ಮಾರುವ, ಧಾನ್ಯಕ್ಕೆ ಹಾಕುವ ಮಾತ್ರೆ ಇನ್ನೂ ಘೋರವಾದುದು. ಅದರ ಹೆಸರು ಅಲ್ಯೂಮಿನಿಯಂ ಫಾಸ್ಫೈಡ್. ತೇವ ತಗಲಿದೊಡನೆ ಅದು ಫಾಸ್ಫೀನ್ ಎಂಬ ವಿಷಾನಿಲವನ್ನು ಬಿಡುತ್ತದೆ. ಉಗ್ರಾಣಗಳಲ್ಲಿ ತರಬೇತಿ ಪಡೆದವರು ಮಾತ್ರ ಬಳಸಬೇಕಾದ ವಸ್ತುವಿದು. ಚೀಲವಿಟ್ಟ ಕೋಣೆಯಲ್ಲಿಯೇ ಮಕ್ಕಳು ಮಲಗುವ ನಮ್ಮ ಮನೆಗಳಲ್ಲಿ ಇದು ಇರಲೇಕೂಡದು. ಇದಕ್ಕೆ ಪ್ರತಿವಿಷ ಇಲ್ಲ. ವೈದ್ಯಳಾಗಿ ಇದಕ್ಕಿಂತ ಹೆಚ್ಚಿನ ಮಾತು ನನ್ನ ಬಳಿಯಿಲ್ಲ.

ಹಾಗೆಯೇ ಕೀಟನಾಶಕದ ಖಾಲಿ ಡಬ್ಬಿ. ಗಟ್ಟಿಯಾಗಿದೆ, ಮುಚ್ಚಳ ಬಿಗಿಯಾಗಿದೆ, ಬಿಸಾಡಲು ಮನಸ್ಸು ಬಾರದು. ತೊಳೆದು ಎಣ್ಣೆಗೋ ಉಪ್ಪಿಗೋ ನೀರಿಗೋ ಇಟ್ಟುಕೊಳ್ಳುವ ಎಂದು ತೋರುತ್ತದೆ. 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಒಂದು ಹಳ್ಳಿಯಲ್ಲಿ ಶಾಲೆಯ ಮಧ್ಯಾಹ್ನದ ಊಟ ಮಾಡಿ 23 ಮಕ್ಕಳು ತೀರಿಕೊಂಡರು. ಅಡುಗೆಯ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಇದ್ದುದು ಪರೀಕ್ಷೆಯಿಂದ ತಿಳಿಯಿತು. ಇಂತಹ ಡಬ್ಬಿಯನ್ನು ಎಷ್ಟು ತೊಳೆದರೂ ನಂಬಬೇಡಿರಿ. ಯಾರೂ ಬಳಸಲಾಗದಂತೆ ತೂತು ಮಾಡಿ, ಬಾವಿ ಕೆರೆಗಳಿಂದ ದೂರ, ಆಳವಾಗಿ ಹೂಳಿರಿ. ಸುಡಬೇಡಿರಿ.

ಈಗ ನನ್ನ ತಪ್ಪನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಹಳ್ಳಿಯಲ್ಲಿ ಇಂತಹದೇ ಸಭೆ ನಡೆದಿತ್ತು. ಸಭೆಗೆ ಮುನ್ನ ನಾನು ಒಂದು ಮನೆಗೆ ಹೋಗಿದ್ದೆ. ಇಪ್ಪತ್ತೆರಡು ವರ್ಷದ ಸೊಸೆ, ಏಳು ತಿಂಗಳ ಗರ್ಭಿಣಿ. ಸಗಣಿ ಸಾರಿಸಿದ ನೆಲ, ಸಾಲಾಗಿ ಮುಚ್ಚಿಟ್ಟ ಮಡಕೆಗಳು, ಬೂದಿ ಬೆರೆಸಿಟ್ಟ ಅವರೆ, ಬಾಳಕದ ಮೆಣಸಿನಕಾಯಿ, ಗೋಡೆಗೆ ತೂಗುಹಾಕಿದ ಸೋರೆಬುರುಡೆಯಲ್ಲಿ ಬಿತ್ತನೆಯ ಬೀಜ. ಮೊಟ್ಟೆಯನ್ನೂ ಹಾಲನ್ನೂ ಮಾರಿ ಸಂಘದಲ್ಲಿ ಉಳಿತಾಯ ಕಟ್ಟಿದ್ದಳು. ಅಂತಹ ಅಚ್ಚುಕಟ್ಟನ್ನು ನಾನು ಎಲ್ಲಿಯೂ ಕಂಡಿರಲಿಲ್ಲ. ಸಭೆಯಲ್ಲಿ ಆಕೆಯನ್ನು ಎದ್ದು ನಿಲ್ಲಿಸಿ, ಸಂಸಾರ ಮಾಡಿದರೆ ಹೀಗೆ ಮಾಡಬೇಕೆಂದು ಎಲ್ಲರ ಮುಂದೆ ಹೊಗಳಿದೆ. ಆಕೆ ನಾಚಿ ತಲೆ ತಗ್ಗಿಸಿದಳು. ನಾನು ಮಡಕೆಗಳ ಮುಚ್ಚಳವನ್ನೆಲ್ಲ ತೆಗೆದು ನೋಡಿದ್ದೆ. ಆಕೆಯ ಕಣ್ಣಿನ ಕೆಳರೆಪ್ಪೆಯನ್ನು ಸರಿಸಿ ನೋಡಿರಲಿಲ್ಲ.

ಒಂದೂವರೆ ತಿಂಗಳ ಮೇಲೆ ಒಂದು ರಾತ್ರಿ ಆಕೆಯನ್ನು ದಿನ ತುಂಬುವ ಮೊದಲೇ ಬಂದ ಹೆರಿಗೆ ನೋವಿನಲ್ಲಿ ಕರೆತಂದರು. ಏದುಸಿರು, ಊದಿದ ಕಾಲು, ಕಾಗದದಂತಹ ನಾಲಗೆ. ಗರ್ಭಿಣಿಗೆ ರಕ್ತದ ಅಂಶ 11 ಗ್ರಾಂ ಇರಬೇಕು. 7 ಗ್ರಾಮಿಗಿಂತ ಕೆಳಗಿಳಿದರೆ ಜೀವಕ್ಕೆ ಅಪಾಯ. ಆಕೆಗೆ 5 ಗ್ರಾಂ ಇತ್ತು. 108ರ ವಾಹನದಲ್ಲಿ ನಾನೂ ಜೊತೆಗೇ ಕುಳಿತು ಜಿಲ್ಲಾ ಆಸ್ಪತ್ರೆಗೆ ಹೋದೆ. ಗಂಡನು ಒಂದು ಬಾಟಲಿ ರಕ್ತ ಕೊಟ್ಟನು, ಇನ್ನೊಂದನ್ನು ರಕ್ತನಿಧಿಯಿಂದ ಪಡೆದೆವು. ತಾಯಿ ಉಳಿದಳು. ಮಗು ಒಂದು ಕಿಲೋ ಎಂಟುನೂರು ಗ್ರಾಂ ತೂಗಿತು. ಬಹಳ ದಿನ ಎದೆಗೆ ಅವಚಿಕೊಂಡೇ ಸಾಕಬೇಕಾಯಿತು. ಆಮೇಲೆ ನಿಧಾನವಾಗಿ ಕೇಳಿದಾಗ ತಿಳಿದುದಿಷ್ಟು: ಆಕೆ ಎಲ್ಲರಿಗೂ ಬಡಿಸಿ ಕಡೆಯಲ್ಲಿ ಉಣ್ಣುತ್ತಿದ್ದಳು. ಸಾರು ಮುಗಿದಿದ್ದರೆ ಮುದ್ದೆಗೆ ಉಪ್ಪು ಮೆಣಸಿನಕಾಯಿ. ಸೊಪ್ಪು ಗಂಡನಿಗೆ, ಹಾಲು ಡೈರಿಗೆ, ಮೊಟ್ಟೆ ಸಂತೆಗೆ. ನಾವು ಕೊಟ್ಟ ಕಬ್ಬಿಣಾಂಶದ ಮಾತ್ರೆಗಳನ್ನೂ ಮುಂದಿನ ಬಸಿರಿಗೆ ಆಗಲೆಂದು ಡಬ್ಬಿಯಲ್ಲಿ ಉಳಿಸಿಟ್ಟಿದ್ದಳು! ಆ ಮನೆಯಲ್ಲಿ ಕೂಡಿಟ್ಟುದೆಲ್ಲವೂ ಆಕೆಯ ರಕ್ತದಿಂದ ಬಂದುದಾಗಿತ್ತು. ಅದನ್ನು ನಾನು ಸಭೆಯಲ್ಲಿ ಹೊಗಳಿದ್ದೆ.

ಅಣ್ಣಂದಿರೇ, ಆ ಗಂಡ ಕೆಟ್ಟವನಲ್ಲ. ಆಸ್ಪತ್ರೆಯ ಹೊರಗೆ ಕುಳಿತು ಮಗುವಿನಂತೆ ಅತ್ತನು. ಹೆಂಡತಿ ಏನು ಉಣ್ಣುತ್ತಾಳೆಂದು ಅವನು ಎಂದೂ ನೋಡಿರಲಿಲ್ಲ. ಏಕೆಂದರೆ ಆಕೆ ಉಣ್ಣುವ ಹೊತ್ತಿಗೆ ಅವನು ಎದ್ದು ಹೋಗಿರುತ್ತಿದ್ದನು. ನಿಮ್ಮ ಮನೆಯಲ್ಲಿ ಇಂದು ರಾತ್ರಿ ಸ್ವಲ್ಪ ಹೊತ್ತು ಅಲ್ಲಿಯೇ ಕುಳಿತು ನೋಡಿರಿ. ಸಾಧ್ಯವಿದ್ದರೆ ಒಟ್ಟಿಗೇ ಕುಳಿತು ಉಣ್ಣಿರಿ. ಅತ್ತೆಯವರು ಏನೆನ್ನುವರೋ ಎಂಬ ಭಯವಿದ್ದರೆ, ಗರ್ಭಿಣಿಯ ಪಾಲನ್ನು ಬಡಿಸುವ ಮೊದಲೇ ತೆಗೆದಿಡುವ ಕೆಲಸವನ್ನು ಅತ್ತೆಯವರಿಗೇ ವಹಿಸಿರಿ, ಅವರು ಬೇಡವೆನ್ನುವುದಿಲ್ಲ. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ಮಾತ್ರೆ, ಹೆರಿಗೆಯ ಮೇಲೆ ಇನ್ನೂ 180. ಇವು ಸರ್ಕಾರದಿಂದ ಉಚಿತ. ಇವು ಉಳಿಸುವ ವಸ್ತುವಲ್ಲ. ಊಟದ ಮೇಲೆ ನುಂಗಬಹುದು. ಮಲ ಕಪ್ಪಾದರೆ ಹೆದರಬೇಕಾಗಿಲ್ಲ. ಊಟದ ಜೊತೆಗೆ ಚಹಾ ಕುಡಿದರೆ ಕಬ್ಬಿಣಾಂಶ ಮೈಗೆ ಹತ್ತದು. ಒಂದು ಗಂಟೆ ಬಿಟ್ಟು ಕುಡಿಯಿರಿ. ಅನ್ನಕ್ಕೆ ನಿಂಬೆಹಣ್ಣು ಹಿಂಡಿಕೊಂಡರೆ ಚೆನ್ನಾಗಿ ಹತ್ತುತ್ತದೆ.

ಅಡುಗೆಯ ಮನೆಯಲ್ಲಿ ನಿಜವಾದ ಉಳಿತಾಯಕ್ಕೆ ಬೇಕಾದಷ್ಟು ಅವಕಾಶವಿದೆ. ಗಂಜಿಯನ್ನು ಬಸಿದು ಚೆಲ್ಲುವುದು ಅಕ್ಕಿಯ ಸತ್ವವನ್ನೇ ಚೆಲ್ಲಿದಂತೆ. ಸೊಪ್ಪನ್ನು ಹೆಚ್ಚಿದ ಮೇಲೆ ತೊಳೆಯಬಾರದು, ತೊಳೆದು ಹೆಚ್ಚಬೇಕು. ಹಿತ್ತಲಿನ ನುಗ್ಗೆಸೊಪ್ಪು, ಹೊಲದ ಬದುವಿನ ಹೊನಗೊನ್ನೆ, ಅಣ್ಣೆಸೊಪ್ಪು ಇವುಗಳಿಗೆ ದುಡ್ಡಿಲ್ಲ. ಅಯೋಡಿನ್ ಉಪ್ಪನ್ನು ಮಾತ್ರ ಮುಚ್ಚಳವಿರುವ ಪಾತ್ರೆಯಲ್ಲಿ, ಒಲೆಯಿಂದ ದೂರದಲ್ಲಿಡಬೇಕು. ಹುಟ್ಟಿದ ಮಗುವಿಗೆ ಆರು ತಿಂಗಳು ಎದೆಹಾಲೊಂದೇ ಸಾಕು, ನೀರೂ ಬೇಡ. ಡಬ್ಬಿಯ ಹಾಲಿನ ಪುಡಿಗೆ ಸುರಿಯುವ ಹಣದಲ್ಲಿ ತಾಯಿಗೆ ಹಾಲು ಮೊಟ್ಟೆ ಬರುತ್ತದೆ. ಆರು ತಿಂಗಳು ತುಂಬಿದ ಮೇಲೆ ರಾಗಿಯನ್ನು ಒಂದು ರಾತ್ರಿ ನೆನೆಹಾಕಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಬೀಸಿ ಜರಡಿ ಹಿಡಿದರೆ, ಅದರ ಸರಿಗೆ ಸಮನಾದ ಡಬ್ಬಿ ಯಾವ ಅಂಗಡಿಯಲ್ಲಿಯೂ ಇಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಅಕ್ಕಿಯಲ್ಲಿ ಸುಮಾರು 10.

ಮೊದಲ ಮಗುವಿನ ಅಂಗಿ ಎರಡನೆಯದಕ್ಕೆ ಬರಬೇಕಾದರೆ ಮೊದಲನೆಯದು ಅದನ್ನು ಬಿಟ್ಟು ಬೆಳೆದಿರಬೇಕಷ್ಟೆ. ಎರಡು ಹೆರಿಗೆಗಳ ನಡುವೆ ಮೂರು ವರ್ಷದ ಅಂತರವಿದ್ದರೆ ತಾಯಿಯ ಮೈಯಲ್ಲಿ ರಕ್ತವೂ ತುಂಬಿಕೊಳ್ಳುತ್ತದೆ, ಮನೆಯ ಕಣಜವೂ ಸುಧಾರಿಸಿಕೊಳ್ಳುತ್ತದೆ. ಇದಕ್ಕೆ ವಂಕಿ ಇದೆ, ಮೂರು ತಿಂಗಳಿಗೊಮ್ಮೆ ಹಾಕುವ ಅಂತರಾ ಚುಚ್ಚುಮದ್ದಿದೆ, ಛಾಯಾ ಮಾತ್ರೆ ಇದೆ, ನಿರೋಧ್ ಇದೆ. ಮಕ್ಕಳು ಸಾಕೆಂದು ಇಬ್ಬರೂ ನಿರ್ಧರಿಸಿದವರಿಗೆ, ಗಂಡಸರಿಗೆ ಮಾಡುವ ಹೊಲಿಗೆಯಿಲ್ಲದ ಸಣ್ಣ ಚಿಕಿತ್ಸೆ ಹೆಂಗಸರ ಆಪರೇಷನ್ನಿಗಿಂತ ಸುಲಭವಾದುದು. ಯಾವುದು ನಿಮಗೆ ಒಗ್ಗುವುದೆಂಬುದನ್ನು ಇಬ್ಬರೂ ಒಟ್ಟಿಗೆ ಬಂದು ಕೇಳಿದರೆ, ನಾನು ಬಾಗಿಲು ಹಾಕಿಕೊಂಡು ನಿಧಾನವಾಗಿ ಹೇಳುತ್ತೇನೆ.

ಹೊತ್ತಾಯಿತು, ಸಂಜೆಯ ಹಾಲು ಕರೆಯುವ ವೇಳೆ. ಹೊರಗೆ ಜಗಲಿಯ ಮೇಲೆ ನಮ್ಮ ಆರೋಗ್ಯ ಸಹಾಯಕಿಯರು ರಕ್ತಪರೀಕ್ಷೆಗೆ ಕುಳಿತಿದ್ದಾರೆ. ಬೆರಳಿನ ಒಂದು ಹನಿ ರಕ್ತ ಸಾಕು. ಸೂಜಿ ಪ್ರತಿಯೊಬ್ಬರಿಗೂ ಹೊಸದು. ಅಲ್ಲಿ ಹೆಂಗಸರು ಮೊದಲು ಹೋಗಲಿ. ಅಣ್ಣಂದಿರು ಅಷ್ಟು ಹೊತ್ತು ಮಕ್ಕಳನ್ನು ಎತ್ತಿಕೊಂಡಿರಲಿ.